ಅತ್ತೆಯ ಕ್ಯಾಮೆರಾದೊಳಗಿನ ಚುಕ್ಕೆ

“ಅದು ಹದ್ದು,” ಎಂದ ಸಹಾತ್.

“ಹದ್ದಾಗಿದ್ರೆ ಸೋಮವಾರವೂ ಅಲ್ಲೇ, ಬುಧವಾರವೂ ಅಲ್ಲೇ ಹೇಗೆ ಇರತ್ತೆ?” ಎಂದಳು ದುಮಾ. “ಅದಕ್ಕೆ ಬೇರೆ ಕೆಲಸ ಇಲ್ವಾ?”

ಒಂದೇ ಕ್ಲಾಸಿನ ಇಬ್ಬರೂ ದೋಣಿಕಟ್ಟೆಯ ಟಿಕೆಟ್ ಕೋಣೆಯ ಹೊರಗೆ, ಉದ್ದ ಬೆಂಚಿನ ಮೇಲೆ ಕುಳಿತಿದ್ದರು. ಸ್ಕೂಲ್ ಬ್ಯಾಗುಗಳು ಕಾಲ ಬಳಿ ಬಿದ್ದಿದ್ದವು. ದುಮಾಳ ಕೊರಳಲ್ಲಿ ಕ್ಯಾಮೆರಾದ ಪಟ್ಟಿ, ತೊಡೆಯ ಮೇಲೆ ಕ್ಯಾಮೆರಾ. ಪಟ್ಟಿ ಹಾಕಿಕೊಳ್ಳದೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ರೊತುವಾ ಅತ್ತೆಯ ಮೊದಲ ಕಾನೂನು.

ದುಮಾ ಗುಂಡಿ ಒತ್ತುತ್ತ ಕ್ಯಾಮೆರಾದ ಬೆನ್ನಿನ ಪರದೆಯ ಮೇಲೆ ಫೋಟೊಗಳನ್ನು ಒಂದೊಂದಾಗಿ ಸರಿಸಿದಳು. ತೋಬಾ ಸರೋವರದ ಮೇಲೆ ಬೆಳಗಿನ ಮಂಜು. ಮೇಲೆ, ಎಡಗಡೆ, ಒಂದು ಕಪ್ಪು ಚುಕ್ಕೆ. ಮಳೆ ನಿಂತ ಮೇಲಿನ ಬೆಟ್ಟ. ಅದೇ ಜಾಗದಲ್ಲಿ ಅದೇ ಚುಕ್ಕೆ. ಚರ್ಚಿನ ಗೋಪುರದ ಹಿಂದೆ ಸಂಜೆ. ಅಲ್ಲೂ ಚುಕ್ಕೆ.

“ಹಾಗಾದ್ರೆ ಹಾರೋ ತಟ್ಟೆ,” ಎಂದ ಸಹಾತ್. ಅವನು ಸೋಲುವ ಜಾತಿಯವನಲ್ಲ.

“ಹದ್ದೂ ಅಲ್ಲ, ತಟ್ಟೆಯೂ ಅಲ್ಲ. ಧೂಳು,” ಎಂದು ಟಿಕೆಟ್ ಕಿಂಡಿಯ ಒಳಗಿಂದ ಅತ್ತೆಯ ಧ್ವನಿ ಬಂತು. “ಕ್ಯಾಮೆರಾ ಹೊಟ್ಟೆಯೊಳಗೆ ಸೆನ್ಸರ್ ಅಂತ ಇರತ್ತೆ. ನಿಮ್ಮ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಬೆಳಕು ಬಂದು ಬೀಳೋದು ಅದರ ಮೇಲೆ. ಒಂದು ಕಣ ಧೂಳು ಅಲ್ಲಿ ಕೂತ್ರೆ ಸಾಕು, ಎಲ್ಲ ಫೋಟೋದಲ್ಲೂ ಹಾಜರಿ ಹಾಕತ್ತೆ.”

“ಒರೆಸಿಬಿಡು ಅತ್ತೆ.”

“ಅಯ್ಯೋ, ಅದು ಊಟದ ತಟ್ಟೆ ಅಲ್ಲ ಕಣೇ. ಅದಕ್ಕೆ ಗಾಳಿ ಊದೋ ರಬ್ಬರ್ ಬುಡ್ಡೆ ಅಂತ ಇದೆ. ನಂದು ಒಡೆದುಹೋಯ್ತು. ಹೊಸದು ತರಿಸಿದೀನಿ, ನಾಳೆ ದೋಣಿಯಲ್ಲಿ ಬರಬೇಕು.”

ಅಷ್ಟರಲ್ಲಿ ಆಚೆ ದಡಕ್ಕೆ ಹೋಗುವ ದಪ್ಪನೆಯ ಗಂಡಸೊಬ್ಬ ಕಿಂಡಿಗೆ ಬಗ್ಗಿದ. “ಏನು ರೊತುವಾ, ಇನ್ನೂ ನೀರಿನ ಫೋಟೋನೇ ತೆಗೀತಿದೀಯಾ? ಮದುವೆ ಮನೆಗೆ ಹೋಗಿ ಜನರ ಫೋಟೊ ತೆಗಿ. ನಾಲ್ಕು ಕಾಸು ಬರತ್ತೆ.”

“ನೀರು ಒಳ್ಳೇದು ಕಣಣ್ಣ,” ಎಂದಳು ಅತ್ತೆ ಟಿಕೆಟ್ ಹರಿಯುತ್ತ. “ನನ್ನನ್ನ ದಪ್ಪ ಮಾಡಿಬಿಟ್ಟೆ ಅಂತ ಜಗಳಕ್ಕೆ ಬರಲ್ಲ.”

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ದುಮಾ ಕೂಡ ನಕ್ಕಳು. ಆದರೆ ಅತ್ತೆ ಮಾತ್ರ ತಲೆಯೆತ್ತಿ ಯಾರನ್ನೂ ನೋಡಲಿಲ್ಲ. ಕಿಂಡಿಯಲ್ಲಿ ಅತ್ತೆಯ ಬಗ್ಗಿದ ತಲೆ, ಎರಡು ಕೈಗಳಷ್ಟೇ ಕಾಣುತ್ತಿದ್ದವು. ದಿನಕ್ಕೆ ಮುನ್ನೂರು ಜನರಿಗೆ ಟಿಕೆಟ್ ಕೊಡುವ ಅತ್ತೆಗೆ ಮನುಷ್ಯರ ಮುಖದ ಮುಂದೆ ಕ್ಯಾಮೆರಾ ಹಿಡಿಯಲು ನಾಚಿಕೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ದುಮಾಳಿಗೆ ಅದೇನೂ ಕೊರತೆ ಎನಿಸಿರಲಿಲ್ಲ. ಅವಳ ಪಾಲಿಗೆ ಅತ್ತೆಗೆ ಬಾರದ ವಿದ್ಯೆಯೇ ಇರಲಿಲ್ಲ. ಮೋಡ ನೋಡಿ, “ಇನ್ನು ಹತ್ತು ನಿಮಿಷ, ಬೆಳಕು ಆ ಬೆಟ್ಟದ ಮೇಲೆ ಬೀಳತ್ತೆ,” ಎಂದು ಅತ್ತೆ ಹೇಳಿದರೆ ಬಿದ್ದೇ ಬೀಳುತ್ತಿತ್ತು. ಕ್ಯಾಮೆರಾ ಕೊಂಡದ್ದು ಸೆಕೆಂಡ್ ಹ್ಯಾಂಡ್. ಕೈ ಹಿಡಿಯುವ ಕಡೆ ರಬ್ಬರ್ ಕಿತ್ತುಹೋಗಿತ್ತು. ಅಲ್ಲಿ ಅತ್ತೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಎಷ್ಟು ನಾಜೂಕಾಗಿ ಅಂಟಿಸಿದ್ದಳೆಂದರೆ, ಅದು ಹುಟ್ಟುವಾಗಲೇ ಹಾಗಿತ್ತೇನೋ ಅನ್ನಿಸುತ್ತಿತ್ತು.

ಶನಿವಾರ ದೋಣಿ ಸ್ಪರ್ಧೆ. ಸರೋವರದ ಸುತ್ತಲಿನ ಊರುಗಳಿಂದ ಉದ್ದುದ್ದ ಕೆತ್ತನೆ ದೋಣಿಗಳು ಬರುತ್ತವೆ. ದುಮಾಳ ಅಪ್ಪ ಊರಿನ ದೋಣಿಯಲ್ಲಿ ಮೂರನೇ ಸಾಲಿನ ಹುಟ್ಟುಗಾರ. ಈ ಸಲ ದೋಣಿ ಸಹಕಾರ ಸಂಘದವರು ಹೊಸ ವರ್ಷದ ಕ್ಯಾಲೆಂಡರಿಗೆ ಸ್ಪರ್ಧೆಯ ಒಂದು ಫೋಟೊ ಬೇಕು, ಯಾರು ಬೇಕಾದರೂ ಕಳಿಸಬಹುದು ಎಂದು ಬೋರ್ಡಿನಲ್ಲಿ ಬರೆದಿದ್ದರು.

ಆ ಫೋಟೊ ಅತ್ತೆಯ ತಲೆಯೊಳಗೆ ಮೂರು ವರ್ಷದಿಂದ ಸಿದ್ಧವಾಗಿತ್ತು. ಗುಡ್ಡದ ತುದಿಯ ಹಳೇ ಕಲ್ಲಿನ ಆನೆ ಮುಂದೆ, ಕೆಳಗೆ ನೀರಿನಲ್ಲಿ ಎಲ್ಲ ದೋಣಿಗಳು, ಅದರಾಚೆ ನೀಲಿ ಬೆಟ್ಟದ ಸಾಲು, ಮೇಲೆ ಇಡೀ ಆಕಾಶ. ಮೊದಲ ವರ್ಷ ಮಳೆ ಬಂತು. ಎರಡನೆಯ ವರ್ಷ ಬ್ಯಾಟರಿ ಸತ್ತುಹೋಯಿತು. ಹೋದ ವರ್ಷ ರಜೆ ಸಿಗಲಿಲ್ಲ. ಈ ಸಲ ಅತ್ತೆ ಎರಡು ತಿಂಗಳು ಮುಂಚೆಯೇ ರಜೆ ಬರೆದುಕೊಟ್ಟಿದ್ದಳು.

*

ಶುಕ್ರವಾರ ಮಧ್ಯಾಹ್ನ ದುಮಾ ಅತ್ತೆಯ ಮನೆಯಲ್ಲಿ ಮಣಿ ಹುರಿಯುತ್ತಿದ್ದಳು.

ಅತ್ತೆಯ ಕ್ಯಾಮೆರಾ ಇರುತ್ತಿದ್ದದ್ದು ಗಟ್ಟಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಸರೋವರದ ಊರಲ್ಲಿ ಗಾಳಿಯೆಲ್ಲ ತೇವ. ಹಾಗೇ ಇಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಬೆಳೆಯುತ್ತದೆ. ಅದಕ್ಕೇ ಡಬ್ಬಿಯಲ್ಲಿ ಒಂದು ಬಟ್ಟೆಚೀಲ, ಚೀಲದ ತುಂಬ ತೇವ ಕುಡಿಯುವ ನೀಲಿ ಮಣಿಗಳು. ಕುಡಿದು ಹೊಟ್ಟೆ ತುಂಬಿದರೆ ಅವು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಆಗ ಹಳೇ ಬಾಣಲೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತವೆ. ಹುರಿಯುವ ಕೆಲಸ ದುಮಾಳದು. ಬೇರೆ ಯಾರಿಗೂ ಅತ್ತೆ ಅದನ್ನು ಕೊಟ್ಟಿರಲಿಲ್ಲ.

ಮಣಿಗಳು ನೀಲಿಯಾಗಿ ಆರುವವರೆಗೂ ದುಮಾ ಕ್ಯಾಮೆರಾ ನೋಡುತ್ತ ಕುಳಿತಳು. ಅತ್ತೆ ಪಾಪ, ದೋಣಿಕಟ್ಟೆಯಲ್ಲಿ ಬಿಡುವಿಲ್ಲದೆ ದುಡಿಯುತ್ತಿದ್ದಾಳೆ. ಸ್ಪರ್ಧೆ ನೋಡಲು ಇವತ್ತಿನಿಂದಲೇ ಜನ ಬರುತ್ತಿದ್ದಾರೆ. ಬುಡ್ಡೆ ಬಂದರೂ ಸಂಜೆ ಅದನ್ನು ಊದಲು ಪುರುಸೊತ್ತು ಎಲ್ಲಿ? ತಾನೇ ಚುಕ್ಕೆ ತೆಗೆದುಬಿಟ್ಟರೆ?

ಪಟ್ಟಿ ಕೊರಳಿಗೆ ಹಾಕಿಕೊಂಡಳು. ಮೊದಲ ಕಾನೂನು ಮುರಿಯಲಿಲ್ಲ.

ಅತ್ತೆ ಹೇಗೆ ಮಾಡುತ್ತಾಳೆಂದು ಎಷ್ಟೋ ಸಲ ನೋಡಿದ್ದಳು. ಲೆನ್ಸ್ ತಿರುಗಿಸಿ ತೆಗೆಯಬೇಕು. ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಎಂಬಲ್ಲಿ ಒತ್ತಬೇಕು. ಒತ್ತಿದಳು. ಟಕ್ ಎಂದು ಒಳಗಿನ ಪುಟ್ಟ ಕನ್ನಡಿ ಮೇಲೆದ್ದು ನಿಂತಿತು. ಅದರ ಹಿಂದೆ ಸೆನ್ಸರ್. ಜೀರುಂಡೆಯ ಬೆನ್ನಿನ ಹಾಗೆ ಹಸಿರು, ನೇರಳೆ, ಮತ್ತೆ ಹಸಿರು.

ಇಷ್ಟು ಚಂದದ್ದನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಗ್ಗಿ, ಕೆನ್ನೆ ಉಬ್ಬಿಸಿ, ‘ಉಫ್’ ಎಂದು ಊದಿದಳು.

ಮೂರು ನಾಲ್ಕು ಸಣ್ಣ ಹನಿಗಳು ಅದರ ಮೇಲೆ ಮಿನುಗಿದವು. ಎಂಜಲು.

‘ಅಯ್ಯೋ’ ಎಂದಳು ದುಮಾ. ಓಡಿಹೋಗಿ ಕಿವಿಗೆ ಹಾಕುವ ಹತ್ತಿಕಡ್ಡಿ ತಂದು, ತುದಿಯಿಂದ ಮೆಲ್ಲಗೆ ಒತ್ತಿದಳು. ಹನಿಗಳು ಹೋದವು. ಹೋದ ಕಡೆಯೆಲ್ಲ ಬಸವನಹುಳು ಹರಿದ ಹಾಗೆ ಒಂದು ಗೆರೆ ಉಳಿಯಿತು.

ಲೆನ್ಸ್ ಹಾಕಿ, ಕಿಟಕಿಯಿಂದ ಆಕಾಶದ ಒಂದು ಫೋಟೊ ತೆಗೆದು ನೋಡಿದಳು. ನಿನ್ನೆ ಇದ್ದದ್ದು ಒಂದು ಚುಕ್ಕೆ. ಈಗ ಸಂಜೆಯ ಸೊಳ್ಳೆಗಳ ಹಿಂಡೇ ಇತ್ತು. ನಡುವೆ ಎಣ್ಣೆ ಕೈ ಒರೆಸಿದಂತಹ ಒಂದು ಉದ್ದ ಕಲೆ.

ಅವಳು ಆ ಫೋಟೊ ಅಳಿಸಿದಳು. ಕ್ಯಾಮೆರಾವನ್ನು ಡಬ್ಬಿಯಲ್ಲಿಟ್ಟಳು. ನೀಲಿ ಮಣಿಗಳ ಚೀಲವನ್ನು ಪಕ್ಕದಲ್ಲಿಟ್ಟು, ಮುಚ್ಚಳ ಒತ್ತಿ, ಮನೆಗೆ ಓಡಿದಳು.

ಸಂಜೆ ಅತ್ತೆ ಊಟಕ್ಕೆ ಅವರ ಮನೆಗೇ ಬಂದಳು. ಅಮ್ಮ ಅರಿಸಿನ ಹಾಕಿ ಕೆರೆಮೀನು ಬೇಯಿಸಿದ್ದಳು. ಅಪ್ಪ ತೋಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, “ಅಕ್ಕ, ನಾಳೆ ನಮ್ಮ ದೋಣಿ ಎಲ್ಲರಿಗಿಂತ ಮುಂದಿರತ್ತೆ. ಕ್ಯಾಲೆಂಡರಲ್ಲಿ ನನ್ನ ತಲೆ ಕಾಣೋ ಹಾಗೆ ತೆಗಿ,” ಎಂದ.

“ಗುಡ್ಡದ ಮೇಲಿಂದ ನಿನ್ನ ತಲೆ ಸಾಸಿವೆಯಷ್ಟು ಕಾಣತ್ತೆ,” ಎಂದಳು ಅತ್ತೆ.

“ಸಾಸಿವೆಯಷ್ಟಾದ್ರೂ ಸರಿ.”

“ಅತ್ತೆ, ಬುಡ್ಡೆ ಬಂತಾ?” ಎಂದು ದುಮಾ ತಟ್ಟೆ ನೋಡುತ್ತಲೇ ಕೇಳಿದಳು.

“ಬರ್ಲಿಲ್ಲ. ಹೋಗ್ಲಿ ಬಿಡು, ಒಂದೇ ಚುಕ್ಕೆ ತಾನೆ. ಆಮೇಲೆ ಕಂಪ್ಯೂಟರಲ್ಲಿ ಅಳಿಸ್ಕೋತೀನಿ.” ಅತ್ತೆ ಅವಳ ತಲೆ ಸವರಿದಳು. “ಮಣಿ ಚೆನ್ನಾಗಿ ಹುರಿದಿದೀಯ. ಒಂದೂ ಕಪ್ಪಾಗಿಲ್ಲ.”

ದುಮಾ ಮೀನಿನ ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಕುಳಿತಳು. ಮುಳ್ಳು ಸಿಕ್ಕಿತೆಂದು ಅಮ್ಮ ಅನ್ನದ ಉಂಡೆ ನುಂಗಿಸಿದಳು.

*

ಬೆಳಿಗ್ಗೆ ಇನ್ನೂ ಮಂಜು ಕರಗಿರಲಿಲ್ಲ. ಅತ್ತೆ ಕ್ಯಾಮೆರಾದ ಚೀಲ ಹೊತ್ತು, ದುಮಾ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ದುಮಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಪೈನ್ ಮರ ಬಂದಾಗ ಹೇಳುತ್ತೇನೆ. ಮರ ಬಂತು, ಹೋಯಿತು. ಆ ತಿರುವಿನಲ್ಲಿ ಹೇಳುತ್ತೇನೆ. ತಿರುವೂ ಹೋಯಿತು. ಕೊನೆಗೆ ಕಲ್ಲಿನ ಆನೆಯೇ ಬಂದುಬಿಟ್ಟಿತು.

ಅತ್ತೆ ಸ್ಟ್ಯಾಂಡ್ ಊರಿದಳು. ಮಂಡಿಯೂರಿ ನೋಡಿದಳು, ಎರಡು ಹೆಜ್ಜೆ ಹಿಂದೆ ಬಂದಳು, ಮತ್ತೆ ನೋಡಿದಳು. ಆನೆಯ ಸೊಂಡಿಲು ಬೆಟ್ಟಕ್ಕೆ ತಾಗಬಾರದು ಎಂದು ಸ್ಟ್ಯಾಂಡಿನ ಕಾಲನ್ನು ಒಂದಿಷ್ಟು ಇಳಿಸಿದಳು. ಅವಳ ಮುಖದಲ್ಲಿ ಪರೀಕ್ಷೆ ಹಾಲ್‌ನಲ್ಲಿ ಎಲ್ಲ ಉತ್ತರ ಗೊತ್ತಿರುವವರ ನೆಮ್ಮದಿ ಇತ್ತು. ಕೆಳಗೆ ದಡದಿಂದ ತಮಟೆ, ಡೋಲುಗಳ ಸದ್ದು ಏರಿ ಬರುತ್ತಿತ್ತು.

“ಒಂದು ಟೆಸ್ಟ್ ತೆಗೀತೀನಿ,” ಎಂದು ಗುಂಡಿ ಒತ್ತಿದಳು. ಪರದೆ ನೋಡಿದಳು. ಅಂಗಿಯ ತುದಿಯಿಂದ ಪರದೆ ಒರೆಸಿ ಮತ್ತೆ ನೋಡಿದಳು. ಲೆನ್ಸ್ ಒರೆಸಿ ಇನ್ನೊಂದು ತೆಗೆದಳು. ಬೇರೆ ಲೆನ್ಸ್ ಹಾಕಿ ಮತ್ತೊಂದು.

“ಇದೇನಿದು?” ಎಂದು ತನಗೇ ಎಂಬಂತೆ ಕೇಳಿಕೊಂಡಳು.

“ನಾನು,” ಎಂದಳು ದುಮಾ.

ಅತ್ತೆ ತಿರುಗಿದಳು.

“ನಾನು ಊದಿದೆ. ಬಾಯಲ್ಲಿ. ನಿನ್ನೆ. ಎಂಜಲು ಬಿತ್ತು. ಆಮೇಲೆ ಹತ್ತಿಕಡ್ಡೀಲಿ ಒರೆಸಿದೆ. ಚುಕ್ಕೆ ತೆಗೆಯೋಣ ಅಂತ...” ಮುಂದಿನದು ಅಳುವಿನಲ್ಲಿ ಕಲಸಿಹೋಯಿತು.

ಅತ್ತೆ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಕಲ್ಲಿನ ಆನೆಯ ಪಕ್ಕ ಕುಳಿತು ಸರೋವರ ನೋಡತೊಡಗಿದಳು.

“ಅತ್ತೆ...”

“ಸ್ವಲ್ಪ ಹೊತ್ತು ನನ್ನ ಹತ್ರ ಮಾತಾಡ್ಬೇಡ.”

ದುಮಾ ದೂರ ಹೋಗಿ ಹುಲ್ಲಿನ ಮೇಲೆ ಕುಳಿತಳು. ಮಂಜು ಕರಗಿತು. ಅತ್ತೆ ಹೇಳಿದ್ದ ಬೆಳಕು ಅತ್ತೆ ಹೇಳಿದ್ದ ಹೊತ್ತಿಗೇ ಬಂದು ನೀಲಿ ಬೆಟ್ಟದ ಮೇಲೆ ಬಿತ್ತು. ಕೆಳಗೆ ದೋಣಿಗಳು ಒಂದೊಂದಾಗಿ ನೀರಿಗೆ ಇಳಿದವು. ಅತ್ತೆ ಎಲ್ಲವನ್ನೂ ನೋಡುತ್ತ ಕುಳಿತಿದ್ದಳು. ಕೈ ಮಾತ್ರ ಆಗಾಗ ಕ್ಯಾಮೆರಾದ ಕಡೆ ಹೋಗಿ ವಾಪಸ್ ಬರುತ್ತಿತ್ತು.

ತುಂಬ ಹೊತ್ತಾದ ಮೇಲೆ ಅತ್ತೆ ಕರೆದಳು. “ಇಲ್ಲಿ ಬಾ. ನಿನ್ನ ನೆರಳು ಎಲ್ಲಿದೆ?”

ದುಮಾ ಮೂಗು ಒರೆಸಿಕೊಂಡು ಕಾಲ ಬುಡ ತೋರಿಸಿದಳು.

“ಮೋಡ ಕವಿದ ದಿನ ಬೀಳತ್ತಾ?”

“ಇಲ್ಲ.”

“ಯಾಕೆ?”

ದುಮಾ ಯೋಚಿಸಿದಳು. “ಬೆಳಕು ಎಲ್ಲ ಕಡೆಯಿಂದ ಬರತ್ತೆ.”

“ಹೂಂ. ಲೆನ್ಸಿನೊಳಗೆ ಒಂದು ಕಿಂಡಿ ಇದೆ. ಮುಂದಿನ ಆನೆಯೂ ಚೊಕ್ಕ, ಹಿಂದಿನ ಬೆಟ್ಟವೂ ಚೊಕ್ಕ ಬೇಕು ಅಂದ್ರೆ ಆ ಕಿಂಡಿ ಚಿಕ್ಕದು ಮಾಡ್ಬೇಕು. ಆಗ ಬಿಸಿಲಿನ ಹಾಗೆ ಒಂದೇ ಕಡೆಯಿಂದ ಬೆಳಕು. ಧೂಳಿನ ನೆರಳು ಸರಿಯಾಗಿ ಬೀಳತ್ತೆ. ಕಿಂಡಿ ಪೂರ್ತಿ ತೆರೆದ್ರೆ ಮೋಡದ ದಿನದ ಹಾಗೆ. ನೆರಳು ಹರಡಿ ಮಾಯ.” ಅತ್ತೆ ಚೀಲದಿಂದ ಗಿಡ್ಡನೆಯ ಒಂದು ಲೆನ್ಸ್ ತೆಗೆದು ಹಾಕಿದಳು. ಅದರ ಬಾಯಿ ಅಗಲವಾಗಿತ್ತು. ಆಕಾಶದ ಒಂದು ಫೋಟೊ ತೆಗೆದು ತೋರಿಸಿದಳು.

ಸೊಳ್ಳೆಗಳ ಹಿಂಡು ಇರಲಿಲ್ಲ. ಆದರೆ ನಡುವಿನ ಎಣ್ಣೆಕಲೆ ಮಸುಕಾಗಿ ಇನ್ನೂ ಇತ್ತು.

“ಬರಿ ಆಕಾಶದಲ್ಲಿ ಇದು ಅಡಗಲ್ಲ,” ಎಂದಳು ಅತ್ತೆ. “ಮೇದಾನ್ ಪೇಟೆಗೆ ಕಳಿಸಿ ತೊಳೆಸೋ ತನಕ ಆಕಾಶದ ಆಸೆ ಬಿಡ್ಬೇಕು.” ಅವಳು ಕೆಳಗೆ ದಡದ ಕಡೆ ನೋಡಿದಳು. ಇರುವೆಗಳಂತೆ ಜನ. “ಹಿಂದಿನದೆಲ್ಲ ಮಸುಕಾದ್ರೆ ಕಲೆ ಅದರಲ್ಲಿ ಅಡಗತ್ತೆ. ಈ ಲೆನ್ಸಲ್ಲಿ ಹಾಗಾಗ್ಬೇಕಾದ್ರೆ ಹತ್ತಿರ ಹೋಗ್ಬೇಕು. ತುಂಬ ಹತ್ತಿರ.”

ಅವಳು ಎದ್ದು ಸ್ಟ್ಯಾಂಡ್ ಮಡಚಿದಳು. ಮಡಚುವಾಗ ಆ ಕಲ್ಲಿನ ಆನೆಯನ್ನು ಒಮ್ಮೆ ಮುಟ್ಟಿದ್ದನ್ನು ದುಮಾ ನೋಡಿದಳು. ನೋಡದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

*

ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಳೆಹಣ್ಣು ಕರಿಯುವವರು, ಉಲೋಸ್ ಶಾಲು ಹೊದ್ದ ಅಜ್ಜಿಯರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು. ಅತ್ತೆ ಎಲ್ಲರ ಹಿಂದೆ, ಒಂದು ಕಂಬದ ಮರೆಯಲ್ಲಿ, ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ನಿಂತಳು. ಗುಡ್ಡದ ಮೇಲಿನ ಅತ್ತೆಯೇ ಬೇರೆ, ಇಲ್ಲಿನ ಅತ್ತೆಯೇ ಬೇರೆ. ಹೊಸ ಶಾಲೆಗೆ ಮೊದಲ ದಿನ ಬಂದ ಹುಡುಗಿಯ ಹಾಗೆ.

“ತೆಗಿ ಅತ್ತೆ.”

“ಹೇಗೆ ಕೇಳೋದು?” ಎಂದಳು ಅತ್ತೆ ಮೆಲ್ಲಗೆ. “ಏನಂತ ಕೇಳೋದು?”

ದುಮಾಳಿಗೆ ಆಶ್ಚರ್ಯವಾಯಿತು. ಇದು ಅತ್ತೆಗೆ ಗೊತ್ತಿಲ್ಲದ ವಿಷಯ. ತನಗೆ ಗೊತ್ತಿದ್ದದ್ದು.

ದೋಣಿಯ ಪಕ್ಕ ಒಂಪುಂಗ್ ಗುಂತುರ್ ಕುಳಿತಿದ್ದರು. ಊರಿನ ಮಕ್ಕಳೆಲ್ಲ ಅವರನ್ನು ಒಂಪುಂಗ್, ಅಂದರೆ ತಾತ, ಎಂದೇ ಕರೆಯುವುದು. ದೋಣಿಯ ಮೂತಿಯಲ್ಲಿ ನಿಂತು ತಾಳ ಹೊಡೆಯುವವರು ಅವರೇ. ವಯಸ್ಸು ಎಪ್ಪತ್ತೆರಡು. ಸಿಟ್ಟು ಮಾತ್ರ ಇಪ್ಪತ್ತರದು.

“ಒಂಪುಂಗ್, ಅತ್ತೆ ನಿಮ್ಮ ಫೋಟೊ ತೆಗೀತಾಳಂತೆ.”

“ನನ್ನ ಮುಖ ಯಾಕೆ? ಬಾಯಲ್ಲಿ ಹಲ್ಲಿಲ್ಲ.”

“ಹಲ್ಲು ಬೇಡ ಒಂಪುಂಗ್. ಕೈ ಸಾಕು.”

“ಕೈಯಂತೆ ಕೈ. ಹುಳುಕು ಮರದ ಬೇರು ಇದ್ದ ಹಾಗಿದೆ,” ಎಂದು ಅವರು ತಾಳದ ಕೋಲು ಹಿಡಿದ ಕೈಯನ್ನು ಎತ್ತಿ ತಾವೇ ನೋಡಿಕೊಂಡರು. “ಇದರಲ್ಲೇನಿದೆ? ಐವತ್ತು ವರ್ಷ ಇದೇ ಕೋಲು. ನಮ್ಮಪ್ಪ ಕೊಟ್ಟದ್ದು.”

ಕಚ್.

ಅತ್ತೆ ಯಾವಾಗ ಬಂದು ಕೆಸರಲ್ಲಿ ಮಂಡಿಯೂರಿದಳೋ ದುಮಾಳಿಗೆ ಗೊತ್ತೇ ಆಗಲಿಲ್ಲ. ಒಂಪುಂಗ್ ಬೆಚ್ಚಿ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕುಬಿಟ್ಟರು. ಕಚ್, ಕಚ್.

ಅತ್ತೆ ಪರದೆ ತೋರಿಸಿದಳು. ಒಂಪುಂಗ್ ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಬಗ್ಗಿದರು. ಅವರ ಕೈಯ ಒಂದೊಂದು ಗೆರೆಯೂ, ಕೋಲು ಸವೆದ ಗುಳಿಯೂ ಕಣ್ಣಿಗೆ ಹೊಡೆಯುವಂತಿತ್ತು. ಹಿಂದಿನ ಜನ, ದೋಣಿ, ಬಾವುಟಗಳೆಲ್ಲ ಬಣ್ಣ ಬಣ್ಣದ ಹೊಗೆಯಾಗಿ ಕರಗಿಹೋಗಿದ್ದವು. ಕಲೆಯ ಗುರುತೂ ಇರಲಿಲ್ಲ.

“ಇದು ನಾನೇನಾ?” ಎಂದರು ಒಂಪುಂಗ್.

ಆಮೇಲೆ ದುಮಾ ಮುಂದೆ, ಅತ್ತೆ ಹಿಂದೆ. ದೋಣಿಯಿಂದ ನೀರು ಮೊಗೆದು ಚೆಲ್ಲುವವನ ತಲೆಗೂದಲಿನ ಹನಿಗಳು. ಮಗನ ತೋಳಿಗೆ ದಾರ ಕಟ್ಟುವ ತಾಯಿ. ಭಯದಿಂದ ಬಾಯಿ ಒಣಗಿ ಹಾಡು ಹೇಳಿಕೊಳ್ಳುತ್ತಿದ್ದ ಹೊಸ ಹುಟ್ಟುಗಾರ. ದುಮಾ ಮಾತಾಡುತ್ತಿದ್ದಳು, ಅವರು ದುಮಾಳನ್ನು ನೋಡಿ ಏನೋ ಹೇಳುತ್ತಿದ್ದರು, ಆ ನಡುವೆ ಎಲ್ಲೋ ಕಚ್ ಎಂದು ಸದ್ದಾಗುತ್ತಿತ್ತು. ಅತ್ತೆ ಒಂದು ಫೋಟೊಗೆ ಹತ್ತು ಸಲ ಒತ್ತುತ್ತಿರಲಿಲ್ಲ. ಕಾಯುತ್ತಿದ್ದಳು. ಗುಡ್ಡದ ಮೇಲೆ ಮೋಡ ಸರಿಯಲು ಕಾಯುತ್ತಿದ್ದಳಲ್ಲ, ಹಾಗೆಯೇ ಇಲ್ಲಿ ಮುಖದ ಮೇಲಿನ ಬಿಗುಮಾನ ಸರಿಯಲು ಕಾಯುತ್ತಿದ್ದಳು.

ಕಹಳೆ ಕೂಗಿತು. ಆರು ದೋಣಿಗಳು ಬಾಣದಂತೆ ಹೊರಟವು. ಅತ್ತೆ ಚಪ್ಪಲಿ ಬಿಟ್ಟು, ಲಂಗ ಎತ್ತಿಕಟ್ಟಿ, ನೀರಿಗೆ ಇಳಿದಳು. ಮೊಣಕಾಲು ಮುಳುಗಿತು. ದೋಣಿಗಳು ಆಚೆಯ ಗುರುತು ಸುತ್ತಿ ವಾಪಸ್ ಬಂದವು. ಅಪ್ಪನ ದೋಣಿ ಮೂರನೆಯದಾಗಿತ್ತು. ಎರಡನೆಯದಾಯಿತು. ಒಂಪುಂಗ್ ತಾಳ ಹೊಡೆಯುವ ಸದ್ದು ದುಮಾಳ ಹೊಟ್ಟೆಯೊಳಗೇ ಕೇಳಿಸುತ್ತಿತ್ತು. ದೋಣಿ ಪಕ್ಕದಲ್ಲೇ ಹಾದುಹೋಗುವಾಗ ಅಪ್ಪನ ಮುಖ ಅವಳಿಗೆ ಗುರುತೇ ಸಿಗಲಿಲ್ಲ. ಕೊರಳ ನರಗಳು ಹಗ್ಗದಂತೆ ಉಬ್ಬಿದ್ದವು. ಕಣ್ಣು ತೆರೆದಿದ್ದರೂ ಅದು ಏನನ್ನೂ ನೋಡುತ್ತಿರಲಿಲ್ಲ.

ಕಚ್.

ಅರ್ಧ ದೋಣಿಯಷ್ಟು ಅಂತರದಲ್ಲಿ ಆಚೆ ದಂಡೆಯವರು ಗೆದ್ದರು.

ದೋಣಿ ದಡಕ್ಕೆ ತಾಗಿದಾಗ ಅಪ್ಪ ಹುಟ್ಟಿನ ಮೇಲೆ ಹಣೆಯಿಟ್ಟು ಕುಳಿತಿದ್ದ. ಬೆನ್ನು ಏರುತ್ತ ಇಳಿಯುತ್ತ ಇತ್ತು. ಅತ್ತೆ ಕ್ಯಾಮೆರಾ ಎತ್ತಿದವಳು ಇಳಿಸಿದಳು.

ಅಪ್ಪ ತಲೆಯೆತ್ತಿ ನೋಡಿದ. “ತೆಗಿ ಅಕ್ಕ,” ಎಂದ ಏದುಸಿರಿನಲ್ಲಿ. “ಸೋತ ಮುಖವೂ ಒಂದಿರ್ಲಿ. ಕ್ಯಾಲೆಂಡರಿಗೆ ಮಾತ್ರ ಕೊಡ್ಬೇಡ.”

*

ಅತ್ತೆ ಒಂಪುಂಗ್ ಗುಂತುರ್ ಅವರ ಕೈಯ ಫೋಟೊ ಕಳಿಸಿದಳು. ಸಂಘದವರಿಗೆ ಬೇಕಿದ್ದದ್ದು ಸ್ಪರ್ಧೆಯ ನೋಟ. ಎರಡು ತಿಂಗಳ ನಂತರ ಕ್ಯಾಲೆಂಡರ್ ಬಂತು. ಅದರಲ್ಲಿದ್ದದ್ದು ಬೇರೆ ಯಾರದೋ ಫೋಟೊ. ಗುಡ್ಡದ ಮೇಲಿಂದ ತೆಗೆದದ್ದು.

ದುಮಾ ಅದನ್ನು ದೋಣಿಕಟ್ಟೆಯ ಬೆಂಚಿನ ಮೇಲೆ ಹರಡಿಕೊಂಡು ಹುಳುಕು ಹುಡುಕಿದಳು. “ದೋಣಿ ಸೊಟ್ಟಗಿದೆ.”

“ಇಲ್ಲ ಕಣೇ, ಚೆನ್ನಾಗಿದೆ,” ಎಂದಳು ಅತ್ತೆ ಕಿಂಡಿಯಿಂದ ಬಗ್ಗಿ ನೋಡಿ. “ನೀರಿನ ಮೇಲೆ ಬೆಳಕು ನೋಡು. ಅವನು ಅದಕ್ಕಾಗಿ ಕಾದಿದಾನೆ. ಹಾಗೇ ಸಿಕ್ಕಿದ್ದಲ್ಲ ಅದು.”

“ನಾನು ಊದದೇ ಇದ್ದಿದ್ರೆ ನಿಂದು ಬರ್ತಿತ್ತು.”

ಅತ್ತೆ ಕ್ಯಾಲೆಂಡರನ್ನು ಮತ್ತೊಮ್ಮೆ ನೋಡಿದಳು. “ಬರ್ತಿತ್ತೇನೋ,” ಎಂದಳು. “ನಂಗೂ ಗೊತ್ತಿಲ್ಲ.”

ಟಿಕೆಟ್ ಕೋಣೆಯ ಗೋಡೆಗೆ ಕಟ್ಟಿದ ದಾರದಲ್ಲಿ ಬಟ್ಟೆ ಕ್ಲಿಪ್ಪುಗಳಿಂದ ಸ್ಪರ್ಧೆಯ ದಿನದ ಹದಿನಾಲ್ಕು ಫೋಟೊ ತೂಗುತ್ತಿದ್ದವು. ಮೊದಲು ಇಪ್ಪತ್ತು ಇದ್ದವು. ತಮ್ಮ ತಮ್ಮದನ್ನು ಗುರುತು ಹಿಡಿದವರು ಕೇಳಿ ಒಯ್ದಿದ್ದರು. ಒಂಪುಂಗ್ ಮಾತ್ರ ಒಯ್ದಿರಲಿಲ್ಲ. ದಿನಾ ಬಂದು, ಸರದಿಯಲ್ಲಿ ನಿಂತವರಿಗೆ ತಮ್ಮ ಕೈ ತೋರಿಸಿ, ಆಮೇಲೆ ಫೋಟೊ ತೋರಿಸಿ ಹೋಗುತ್ತಿದ್ದರು.

ಕ್ಯಾಮೆರಾ ಮೇದಾನಿನಿಂದ ತೊಳೆಸಿಕೊಂಡು ಬಂದು ಒಂದು ತಿಂಗಳಾಗಿತ್ತು. ಅತ್ತೆ ಮತ್ತೆ ಗುಡ್ಡ ಹತ್ತುತ್ತಿದ್ದಳು. ದೋಣಿಕಟ್ಟೆಗೂ ಕ್ಯಾಮೆರಾ ತರುತ್ತಿದ್ದಳು. ಯಾರಾದರೂ ಕಣ್ಣಿಗೆ ಬಿದ್ದರೆ ಕಿಂಡಿಯೊಳಗಿಂದ ದುಮಾಳಿಗೆ ಹುಬ್ಬು ಹಾರಿಸುತ್ತಿದ್ದಳು. ದುಮಾ ಓಡಿಹೋಗಿ ಫೋಟೊ ತೆಗೆಯಬಹುದಾ ಎಂದು ಕೇಳುತ್ತಿದ್ದಳು.

ಆಗ ಮೂರು ಗಂಟೆಯ ದೋಣಿ ಬಂತು. ಇಳಿದವರಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳಿದ್ದಳು. ಇವರ ಊರಿನವಳಲ್ಲ. ಗಾಳಿಗೆ ಅವಳ ತಲೆವಸ್ತ್ರ ಬಿಚ್ಚಿ ಹಾರುತ್ತಿತ್ತು. ಎರಡೂ ಕೈ ಬುಟ್ಟಿಗೆ ಹಿಡಿದು, ವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ತನ್ನ ಪಾಡಿಗೆ ತಾನೇ ನಗುತ್ತಿದ್ದಳು.

ದುಮಾ ಕ್ಯಾಲೆಂಡರ್ ಪಕ್ಕಕ್ಕಿಟ್ಟು ಎದ್ದಳು.

ಆದರೆ ಟಿಕೆಟ್ ಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಅತ್ತೆ ಕ್ಯಾಮೆರಾ ಹಿಡಿದು ಹೊರಗೆ ಬಂದಿದ್ದಳು. ನಾಲ್ಕು ಹೆಜ್ಜೆ ಬಿರಬಿರನೆ ಹೋದಳು. ಐದನೆಯದು ನಿಧಾನವಾಯಿತು. ಆರನೆಯದಕ್ಕೆ ನಿಂತೇಬಿಟ್ಟಳು. ಹಿಂದಿನಿಂದ ನೋಡಿದರೂ ಅವಳ ಕಿವಿ ಕೆಂಪಾಗಿದ್ದು ಕಾಣುತ್ತಿತ್ತು.

ದುಮಾಳ ಕಾಲು ತಾನಾಗಿಯೇ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಬೆಂಚಿನ ಮೇಲೆ ಕುಳಿತಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ಅತ್ತೆ ಮತ್ತೆ ನಡೆದಳು. ಏನು ಹೇಳಿದಳೋ ಗಾಳಿಗೆ ಕೇಳಿಸಲಿಲ್ಲ. ಮೀನಿನವಳು ವಸ್ತ್ರದ ತುದಿಯನ್ನು ಬಾಯಿಂದ ಬಿಟ್ಟು ಏನೋ ಅಂದಳು. ಅತ್ತೆ ನಕ್ಕಳು. ಅವಳೂ ನಕ್ಕಳು.

ಕಿಂಡಿಯ ಮುಂದೆ ಒಬ್ಬ ದುಡ್ಡು ಹಿಡಿದು ನಿಂತಿದ್ದ. “ಏ ಮಗು, ಟಿಕೆಟ್ ಕೊಡೋರು ಎಲ್ಲಿ ಹೋದ್ರು?”

“ಈಗ ಬರ್ತಾಳೆ,” ಎಂದಳು ದುಮಾ, ಅತ್ತೆಯ ಮೇಲಿನ ಕಣ್ಣು ತೆಗೆಯದೆ. “ಸ್ವಲ್ಪ ನಿಲ್ಲಿ.”